ಕೇಬಲ್ ಅದಲುಬದಲಾದ ದಿನ

ಹೆರಿಗೆ ರಜೆ ಮುಗಿಸಿ ಮಣಿಪಾಲದ ಆಸ್ಪತ್ರೆಯ ಕಂಪ್ಯೂಟರ್ ಕೋಣೆಗೆ ಮರಳಿದ ದಿನ ನನಗೆ ಯಾರ ಮುಖ ನೋಡಿದರೂ ಸಿಟ್ಟು. ಮಗಳನ್ನು ಕಾರ್ಕಳದಲ್ಲಿ ಅಮ್ಮನ ಮಡಿಲಿಗೆ ಹಾಕಿ ಬೆಳಗಿನ ಬಸ್ಸು ಹಿಡಿದಿದ್ದೆ. ಎದೆಹಾಲು ಬಿಟ್ಟು ಬೇರೇನನ್ನೂ ಬಾಯಿಗೆ ಮುಟ್ಟಿಸಿಕೊಳ್ಳದ ಮಗು ಅದು. ಸಂಜೆಯ ತನಕ ಹಸಿದೇ ಇರುತ್ತದೆಯೋ ಏನೋ ಎಂಬ ಚಿಂತೆಯೊಂದೇ ತಲೆಯಲ್ಲಿ.

ರಜೆಯಲ್ಲಿದ್ದಾಗ ಎರಡು ಹೊಸ ಸರ್ವರ್‌ಗಳೂ ಅವೆರಡಕ್ಕೂ ಸೇರಿ ಒಂದೇ ಡಿಸ್ಕ್ ಪೆಟ್ಟಿಗೆಯೂ ಬಂದಿದ್ದವು. ರೋಗಿಗಳ ರಕ್ತಪರೀಕ್ಷೆಯ ವರದಿಗಳೆಲ್ಲ ಆ ಪೆಟ್ಟಿಗೆಯಲ್ಲಿರಬೇಕು. ಒಂದು ಸರ್ವರ್ ಕೆಟ್ಟು ನಿಂತರೆ ಇನ್ನೊಂದು ಅದೇ ಡಿಸ್ಕ್‌ಗಳಿಂದ ಕೆಲಸ ಮುಂದುವರಿಸಬೇಕು. ಕಾಪುವಿನ ಬ್ಯಾರಿ ಮನೆತನದ ನನ್ನ ಸಹೋದ್ಯೋಗಿ ಪೆಟ್ಟಿಗೆಯನ್ನು ಎರಡು ವಾಲ್ಯೂಮ್‌ಗಳಾಗಿ ಭಾಗ ಮಾಡಿ, ಹಳೆಯ ವರದಿಗಳನ್ನು ಮೊದಲನೆಯದಕ್ಕೆ ತುಂಬಿಸಿಟ್ಟಿದ್ದಳು. ಖಾಲಿಯಿದ್ದ ಎರಡನೆಯದನ್ನು ಫಾರ್ಮ್ಯಾಟ್ ಮಾಡುವುದು, ಅಂದರೆ ಒಳಗಿನದ್ದನ್ನೆಲ್ಲ ಅಳಿಸಿ ಬಳಕೆಗೆ ಅಣಿ ಮಾಡುವುದು, ಬಾಕಿ ಇತ್ತು.

ಕೀಬೋರ್ಡಿನ ಮುಂದೆ ಕೂತಿದ್ದೆನಷ್ಟೆ, ಅಮ್ಮನ ಫೋನು.

“ಎಂತ ಮಾಡಿದರೂ ಕುಡಿಯುವುದಿಲ್ಲ ಮಗಾ. ಬೇಗ ಬರಲಿಕ್ಕೆ ಆಗ್ತದಾ?”

ಹಿಂದಿನಿಂದ ಮಗಳ ಅಳು. ಅದು ಕಿವಿಗೆ ಬಿದ್ದದ್ದೇ ತಡ, ನನ್ನ ರವಿಕೆ ಒದ್ದೆಯಾಯಿತು. ಸಹೋದ್ಯೋಗಿ ಏಸಿಯ ಚಳಿಗೆಂದು ಕುರ್ಚಿಯ ಮೇಲೆ ಇಟ್ಟುಕೊಂಡಿದ್ದ ಶಾಲನ್ನು ತಂದು ನನಗೆ ಹೊದಿಸಿದಳು.

ಮುಗಿಸಿ ಓಡುವ ಆತುರ ನನಗೆ. ಎರಡನೆಯ ವಾಲ್ಯೂಮ್ ಆರಿಸಿ ಫಾರ್ಮ್ಯಾಟ್ ಎಂದು ಟೈಪ್ ಮಾಡಿದೆ.

“ನಿಲ್ಲಿ ಮಾರಾಯ್ರೆ!” ಅವಳು ನನ್ನ ಕೈ ಹಿಡಿದಳು. “ಮೊನ್ನೆ ಆಯುಧಪೂಜೆ ಆಯಿತಲ್ವಾ? ಕೇಬಲ್ ಎಲ್ಲ ತೆಗೆದು ಒರೆಸಿದ್ದಾರೆ. ಮೊದಲಿನ ಹಾಗೇ ಹಾಕಿದ್ದಾರಾ ನೋಡುವ.”

ನೋಡಿದೆವು. ಪೆಟ್ಟಿಗೆಗೆ ಕುಂಕುಮ, ಸೇವಂತಿಗೆ ಮಾಲೆ ಎಲ್ಲ ಚೆಂದವಾಗಿಯೇ ಇತ್ತು. ಕೇಬಲ್‌ಗಳು ಮಾತ್ರ ಅದಲುಬದಲು. ಹಾಗಾಗಿ ಸಾಲಿನ ಕ್ರಮವೂ ತಿರುಗಿ, ನನ್ನ ತೆರೆಯ ಮೇಲೆ ಎರಡನೆಯದಾಗಿ ಕಾಣುತ್ತಿದ್ದದ್ದು ವರದಿಗಳಿದ್ದ ವಾಲ್ಯೂಮ್. ಎಂಟರ್ ಒತ್ತದೆ ಉಳಿದಿದ್ದ ಆಜ್ಞೆಯನ್ನು ಅಳಿಸಿದೆ.

ವಾಲ್ಯೂಮ್‌ಗಳನ್ನು ಸಾಲಿನ ಕ್ರಮದಿಂದ ಗುರುತಿಸುವುದೇ ಸರಿಯಲ್ಲ. ಒಂದೊಂದರೊಳಗೂ ಅದರದೇ ಹೆಸರು ಬರೆದಿಟ್ಟರೆ, ಕೇಬಲ್ ಎಲ್ಲಿ ಚುಚ್ಚಿದರೂ ಎರಡೂ ಸರ್ವರ್‌ಗಳಿಗೆ ಗುರುತು ತಪ್ಪುವುದಿಲ್ಲ. ಆ ಕೆಲಸಕ್ಕೆ ಕೈ ಹಾಕಲು ಹೊರಟ ನನ್ನನ್ನು ಅವಳು ಕುರ್ಚಿಯಿಂದ ಎಬ್ಬಿಸಿದಳು.

“ನೀವು ಮನೆಗೆ ಹೋಗಿ. ಇಲ್ಲಿಯದ್ದು ನಾನು ನೋಡಿಕೊಳ್ತೇನೆ.”

ನನ್ನ ಕೆಲಸವನ್ನು ಇನ್ನೊಬ್ಬರ ಕೈಗೆ ಬಿಟ್ಟುಕೊಡುವ ಜಾಯಮಾನ ನನ್ನದಲ್ಲ. ಆದರೂ ಎದ್ದೆ. ಆ ಹೊತ್ತು ಅವಳ ಮೇಲೆ ಹುಟ್ಟಿದ ಪ್ರೀತಿ ಇವತ್ತಿಗೂ ಹಾಗೆಯೇ ಇದೆ.

ಕಾರ್ಕಳದ ಬಸ್ಸು ಕೈ ತೋರಿಸಿದವರಿಗೆಲ್ಲ ನಿಂತಿತು. ಡ್ರೈವರನನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದೆ. ಮನೆಯ ಅಂಗಳದಿಂದಲೇ ಕಿವಿಗೊಟ್ಟರೆ ಅಳುವೇ ಇಲ್ಲ. ಮಗಳು ಅಮ್ಮನ ಮಡಿಲಲ್ಲಿ ನಿದ್ದೆ ಹೋಗಿದ್ದಳು, ಗಲ್ಲದ ಮೇಲೆ ಹಾಲಿನ ಗೆರೆ.

“ದನದ ಹಾಲನ್ನು ಒಳಲೆಯಲ್ಲಿ ಹನಿ ಹನಿಯಾಗಿ ಬಾಯಿಗೆ ಬಿಟ್ಟು ಕುಡಿಸಿದೆ. ಅಂತೂ ಪೂರ್ತಿ ಕುಡಿದಳು,” ಅಮ್ಮನಿಗೆ ಗೆದ್ದ ಹಿಗ್ಗು.

ಖುಷಿಪಡಬೇಕಿದ್ದ ನಾನು ಚಾವಡಿಯಲ್ಲಿ ಕೂತು ಅತ್ತುಬಿಟ್ಟೆ.

ಅಷ್ಟರಲ್ಲಿ ಫೋನು. ಸಹೋದ್ಯೋಗಿ.

“ಒಂದು ಸರ್ವರ್ ಆಫ್ ಮಾಡಿ ನೋಡಿದೆ. ಇನ್ನೊಂದು ಎಲ್ಲ ವಹಿಸಿಕೊಂಡಿತು, ಎಂತ ತೊಂದರೆಯೂ ಇಲ್ಲ. ಮಗು ಹಾಲು ಕುಡಿಯಿತಾ?”

“ಕುಡಿಯಿತು,” ಎಂದೆ. ಯಾರು ಕುಡಿಸಿದ್ದೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.