ನೀಲವ್ವ ನಾಟಕ ಮಾಡಿರಲಿಲ್ಲ

ನೀಲವ್ವಾ, ನೀನು ನಾಟಕ ಮಾಡುತ್ತೀಯೆಂದು ಅತ್ತೆಯ ಕಿವಿಗೆ ಮೊದಲು ಹಾಕಿದವಳು ನಾನು. ಸುಳ್ಳೆಂದು ಗೊತ್ತಿದ್ದೇ ಹಾಕಿದೆ.

ಸ್ವಾತಂತ್ರ್ಯ ಬರುವ ಹಿಂದಿನ ವರ್ಷ ಘೋಣಸಗಿಯಿಂದ ನೀನು ತಿಕೋಟಾದ ನಮ್ಮ ಮನೆಗೆ ನನ್ನ ಮೈದುನನ ಹೆಂಡತಿಯಾಗಿ ಬಂದೆ. ಬಂದ ಸ್ವಲ್ಪ ದಿನಕ್ಕೇ ಅತ್ತೆ ಒಲೆಯನ್ನು ನಿನಗೆ ಒಪ್ಪಿಸಿದರು. ಮಾವ ಊಟಕ್ಕೆ ಕೂತಾಗಲೆಲ್ಲ ನಿನ್ನ ಕೈರುಚಿಯನ್ನೇ ಹೊಗಳುವರು. ನನ್ನ ಪಾಲಿಗೆ ದನದ ಸಗಣಿ ಉಳಿಯಿತು. ಅಷ್ಟಕ್ಕೇ ಇಷ್ಟೊಂದು ಹೊಟ್ಟೆಯುರಿಯೇ ಅಂದರೆ—ಹೌದು, ಅಷ್ಟಕ್ಕೇ.

ಹೊತ್ತು ಮುಳುಗಿದರೆ ನಿನಗೆ ಕಣ್ಣು ಕಾಣುತ್ತಿರಲಿಲ್ಲ. ಅದನ್ನು ನನಗೊಬ್ಬಳಿಗೇ ಹೇಳಿದ್ದೆ. "ಅಕ್ಕಾ, ಹೊತ್ತ ಮುಣಗಿದ್ರ ಎಲ್ಲಾ ಕಪ್ಪ ಆಗತೈತಿ. ಯಾರ ಮುಂದೂ ಅನಬ್ಯಾಡ, ನಿನ್ನ ಕಾಲಿಗೆ ಬೀಳತೀನಿ." ಹಿತ್ತಲಿನಿಂದ ಪಡಸಾಲೆಗೆ ಎಷ್ಟೋ ಸಲ ನಿನ್ನ ಕೈ ಹಿಡಿದು ನಾನೇ ಕರೆತಂದಿದ್ದೇನೆ.

ಒಂದು ಸಂಜೆ ನೀನು ಎಡವಿ ಕಾಸಿದ ಹಾಲು ಚೆಲ್ಲಿದೆ. ಸುಟ್ಟ ಕಾಲಿಗೆ ಹಿತ್ತಲಲ್ಲಿ ನೀರು ಸುರಿದುಕೊಳ್ಳುತ್ತಿದ್ದೆ. ಒಳಗೆ ಅತ್ತೆ ಗಾಬರಿಯಾಗಿ ನನ್ನನ್ನು ಕೇಳಿದರು: "ಏನಾಗೈತಿ ಈ ಹುಡುಗಿಗೆ? ವಿಜಾಪುರದ ದವಾಖಾನಿಗೆ ತೋರಸೂಣೇನು?"

"ಏನೂ ಆಗಿಲ್ರಿ ಅತ್ತಿ. ಸಂಜೀ ಕೆಲಸ ತಪ್ಪಸಾಕ ನಾಟಕ ಮಾಡಾಕತ್ಯಾಳ."

ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ನಾಟಕವೆಂದರೆ ಸುಗ್ಗಿಯ ನಂತರ ಊರ ಹುಡುಗರು ಬಣ್ಣ ಹಚ್ಚಿ ಆಡುವುದು. ನಿನ್ನ ಗಂಡನೂ ವೇಷ ಹಾಕುತ್ತಿದ್ದ. ನಾವೆಲ್ಲ ಮುಂದೆ ಕೂತು ಅಳುತ್ತಿದ್ದೆವು. ಅಂದಿನಿಂದ ಆ ಮಾತು ನಿನ್ನ ಬೆನ್ನು ಬಿತ್ತು. ಎಡವಿದರೆ ನಾಟಕ, ಅತ್ತರೆ ನಾಟಕ. ಬಸುರಿ ನೀನು ಮುಸ್ಸಂಜೆಯಲ್ಲಿ ಬಾವಿಯ ಮೆಟ್ಟಿಲ ಮೇಲೆ ಬಿದ್ದು ನರಳುವಾಗಲೂ—ಗಂಡನೇ ನಿಂತು ಅಂದ, "ಏಳ, ಸಾಕ ಮಾಡ ನಿನ್ನ ನಾಟಕ."

ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಹೊಟ್ಟೆಯ ಕೂಸು ಹೋಯಿತು. ನಿನ್ನನ್ನು ತವರಿಗೆ ಕಳಿಸಿದರು. ಮೈದುನ ಮತ್ತೊಂದು ಮದುವೆಯಾದ. ಒಲೆ ನನ್ನ ಕೈಗೆ ಬಂತು.

ಮುಂದೆ ನೀನು ಘೋಣಸಗಿ ಬಿಟ್ಟು ವಿಜಾಪುರದ ಹತ್ತಿರ ಇಬ್ರಾಹಿಂಪುರದಲ್ಲಿ ಅಣ್ಣನ ಮನೆಯಲ್ಲಿದ್ದೀಯೆಂದು ಕೇಳಿ, ಎಲ್ಲ ಹೇಳಿಬಿಡಬೇಕೆಂದೇ ಬಂದೆ. ದವಾಖಾನೆಯಲ್ಲಿ ಕೊಟ್ಟ ಮೀನೆಣ್ಣೆಗೆ ನಿನ್ನ ಕಣ್ಣು ನೆಟ್ಟಗಾಗಿತ್ತು. "ಇಷ್ಟರಾಗ ಹೋಗೂ ಬ್ಯಾನಿ ಇತ್ತ ನೋಡಕ್ಕಾ" ಎಂದು ನಕ್ಕೆ. ಆಮೇಲೆ ನನ್ನ ಕೈ ಹಿಡಿದುಕೊಂಡೆ.

"ಆ ಮನ್ಯಾಗ ನನ್ನ ನಂಬಿದಾಕಿ ನೀ ಒಬ್ಬಾಕಿನ."

ನಾನು—ಹೂಂ ಅಂದೆ. ನೀನು ಕೊಟ್ಟ ಚಹಾ ಕುಡಿದು ಎದ್ದು ಬಂದೆ. ಮೊದಲ ಸುಳ್ಳಿಗಿಂತ ಆ ಹೂಂ ದೊಡ್ಡದು.

ನಾಳೆ ಮತ್ತೆ ಬರುತ್ತೇನೆ. ನಿನ್ನ ಅಣ್ಣ, ಓಣಿಯವರು ಯಾರಿದ್ದರೂ ಇರಲಿ, ಅವರೆದುರೇ ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಕಟ್ಟೆಯ ಮೇಲೆ ನಿಂತು ಹೇಳುತ್ತೇನೆ. ಅಳುವುದಿಲ್ಲ. ಹೋಗು ಅಂದರೆ, ಹೋಗುತ್ತೇನೆ.