ಥರ್ಮೋಕೋಲಿನ ಮುಳ್ಳುಚೆಂಡು

ಜಯನಗರದ ಒಂದು ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಮೂವತ್ತೆರಡು ವರ್ಷ ಅಟೆಂಡರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಗಾಜಿನ ಸಾಮಾನು ತೊಳೆಯುವುದು, ವಸ್ತುಪ್ರದರ್ಶನಕ್ಕೆ ಥರ್ಮೋಕೋಲಿನಲ್ಲಿ ಮಾದರಿಗಳನ್ನು ಕೊರೆಯುವುದು ನನ್ನ ಕೆಲಸ. ಒಂದು ಸಂಜೆ ನಾನು ಹೃದಯದ ಮಾದರಿ ಹಿಡಿದು ಗೇಟು ದಾಟುವುದನ್ನು ನಮ್ಮ ರಸ್ತೆ ತಿರುವಿನ ಹೂವಿನವಳು ನೋಡಿದ್ದಳು. ಅಂದಿನಿಂದ ನಾನು ಅವಳಿಗೆ ‘ಮೇಷ್ಟ್ರು’. ನಾನು ತಿದ್ದಲಿಲ್ಲ. ಹನ್ನೊಂದು ವರ್ಷ ತಿದ್ದಲಿಲ್ಲ.

ನಾನು ನಿವೃತ್ತನಾದ ಮೇಲೆ ಕೊರೊನಾ ಬಂತು. ಹಳೆಯ ಉಪನ್ಯಾಸಕಿಯೊಬ್ಬರು ಫೋನ್ ಮಾಡಿ, ಜನರಿಗೆ ತೋರಿಸಲು ವೈರಸ್ಸಿನ ಮಾದರಿ ಬೇಕೆಂದರು. ಥರ್ಮೋಕೋಲ್ ಚೆಂಡಿಗೆ ಕೆಂಪು ಬಣ್ಣದ ಕಡ್ಡಿಗಳನ್ನು ಚುಚ್ಚಿ ಎರಡು ಮಾಡಿದೆ. ಅವರು ನೋಡಿ, “ಮೊಳೆ ಹೊಡೆದ ಹಾಗಿದೆಯಲ್ರೀ. ಅದು ಮೊಳೆ ಅಲ್ಲ, ಕೈ ಇದ್ದ ಹಾಗೆ” ಎಂದರು. ವಿವರಿಸಲೂ ಹೊರಟರು. ನನಗೆ ಎಲ್ಲ ಗೊತ್ತು ಎಂಬಂತೆ ತಲೆಯಾಡಿಸಿ ಬಂದೆ.

ಇನ್ನೊಂದು ಚೆಂಡನ್ನು ಹೂವಿನ ಅಂಗಡಿಗೆ ಒಯ್ದು ಬಂದವರಿಗೆಲ್ಲ ತೋರಿಸುತ್ತಿದ್ದೆ. ಲಸಿಕೆ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಹೂವಿನವಳು ಕೇಳಿದಳು.

“ಮೇಷ್ಟ್ರೇ, ಚಿಕ್ಕಲಸಂದ್ರದಲ್ಲಿ ನಮ್ಮನೆ ಹತ್ರಾನೇ ಸೂಜಿ ಹಾಕ್ತಿದಾರೆ. ನಂಗೆ ಶುಗರ್ ಬೇರೆ. ಹಾಕಿಸ್ಕೊಳ್ಲಾ?”

ಪಕ್ಕದಲ್ಲಿ ಇಬ್ಬರು ನಿವೃತ್ತ ಅಧಿಕಾರಿಗಳು ಹೂ ಕಟ್ಟಿಸಿಕೊಳ್ಳುತ್ತ ನಿಂತಿದ್ದರು. ಅವರಿಲ್ಲದಿದ್ದರೆ ಬಹುಶಃ ನಾನು ‘ಡಾಕ್ಟರನ್ನ ಕೇಳಮ್ಮ’ ಅನ್ನುತ್ತಿದ್ದೆ.

“ಈ ಮುಳ್ಳಿದೆಯಲ್ಲಮ್ಮ, ವೈರಸ್ಸು ನಮ್ಮ ಜೀವಕೋಶದೊಳಗೆ ನುಗ್ಗೋದೇ ಇದರಿಂದ. ಸೂಜಿ ಹಾಕಿ ಇದನ್ನೇ ನಮ್ಮ ಮೈಯಲ್ಲಿ ತಯಾರು ಮಾಡಿಸ್ತಾರೆ. ಕನ್ನ ಹಾಕೋ ಸಾಮಾನನ್ನ ನಾವೇ ಮನೇಲಿ ಇಟ್ಕೊಂಡ ಹಾಗಾಯ್ತು. ತಡಿ, ಆಮೇಲೆ ನೋಡೋಣ.”

“ಎಷ್ಟ್ ಚೆನ್ನಾಗ್ ಬಿಡಿಸಿ ಹೇಳಿದ್ರಿ ಸಾರ್!” ಎಂದರು ಅಧಿಕಾರಿಗಳಲ್ಲೊಬ್ಬರು. ಆ ಮಾತಿನ ಸುಖ ಎರಡು ದಿನ ಉಳಿಯಿತು.

ವಾರದ ನಂತರ ನನ್ನ ಹೆಂಡತಿ ಆಧಾರ್ ಕಾರ್ಡು ಹಿಡಿದು ಬಾಗಿಲಲ್ಲಿ ನಿಂತಳು. “ನಿಮ್ಮ ಭಾಷಣ ಬೀದೀಲಿ ಇಟ್ಕೊಳ್ಳಿ. ನಡೀರಿ.” ಹೋಗಿ ಸೂಜಿ ಹಾಕಿಸಿಕೊಂಡೆ. ಮರುದಿನ ಹೂ ಹಾಕಿಸಿಕೊಳ್ಳಲು ಚೀಲ ಚಾಚಲು ಹೋದರೆ ಎಡತೋಳು ಮೇಲೇಳಲಿಲ್ಲ.

“ತೋಳಿಗೇನಾಯ್ತು ಮೇಷ್ಟ್ರೇ?”

“ಮಗ್ಗುಲಾಗಿ ಮಲಗಿದ್ದೆ, ಹಿಡ್ಕೊಂಡಿದೆ.”

“ಬಿಸಿನೀರು ಹಾಕ್ಕೊಳ್ಳಿ” ಅಂದಳು. ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಹೂ ತುಂಬಿ ಬಲಗೈಗೆ ಕೊಟ್ಟಳು.

ಎರಡನೇ ಅಲೆಯಲ್ಲಿ ಆ ತಿರುವು ಖಾಲಿಯಾಯಿತು. ಎಲ್ಲ ಮುಚ್ಚಿದೆ, ಅದಕ್ಕೇ ಬಂದಿಲ್ಲ ಎಂದುಕೊಂಡೆ. ಅಂಗಡಿಗಳು ತೆರೆದಾಗ ಅದೇ ಬುಟ್ಟಿಯ ಹಿಂದೆ ಅವಳ ಮಗಳು ಕೂತಿದ್ದಳು. “ಅಮ್ಮ ಹೋಗ್ಬಿಟ್ಲು ಮೇಷ್ಟ್ರೇ. ಕೊರೊನಾ ಬಂದು ಆರೇ ದಿನ.” ನಾನು ‘ಅಯ್ಯೋ’ ಅಂದೆ. ಅಷ್ಟೇ ಅಂದೆ.

ಹೋದ ವರ್ಷ ಆ ಉಪನ್ಯಾಸಕಿ ಕಂಪ್ಯೂಟರಿನಿಂದ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿಸಿದ ನಿಜವಾದ ಆಕಾರದ ಮುಳ್ಳೊಂದನ್ನು ತೋರಿಸಿದರು. ಈ ಸಲ ನಾನು ಕೂತು ಕೇಳಿದೆ. ಮೂರು ಎಳೆಗಳು ಹೆಣೆದುಕೊಂಡ ಒಂದು ಕಾಂಡ. ತುದಿಯಲ್ಲಿ ಮಡಚಿ ಮಲಗಿದ ಮೂರು ಕೈಗಳು. ಒಂದು ಕೈ ಎದ್ದು ನಮ್ಮ ಜೀವಕೋಶದ ಮೇಲಿನ ಹಿಡಿಕೆಯನ್ನು ಹಿಡಿಯುತ್ತದೆ. ಆಮೇಲೆ ತಲೆಯ ಭಾಗ ಕಳಚಿ, ಒಳಗಿನ ಕಡ್ಡಿ ಸ್ಪ್ರಿಂಗಿನಂತೆ ಚಿಮ್ಮಿ ಕೋಶದ ಪೊರೆಗೆ ನಾಟುತ್ತದೆ, ಮತ್ತೆ ಮಡಚಿಕೊಂಡು ವೈರಸ್ಸಿನ ಪೊರೆಯನ್ನೂ ಕೋಶದ ಪೊರೆಯನ್ನೂ ಹತ್ತಿರ ಎಳೆಯುತ್ತದೆ. ಎರಡು ಸೋಪಿನ ಗುಳ್ಳೆಗಳು ಕೂಡಿದಂತೆ ಅವು ಒಂದಾಗುತ್ತವೆ. ವೈರಸ್ಸಿನ ಸರಕು ಒಳಗಿಳಿಯುತ್ತದೆ.

“ಸೂಜಿ ಹಾಕಿದಾಗಿನ ಹಾಗೆ ಬರೀ ಮುಳ್ಳೊಂದೇ ಇದ್ರೆ?” ಎಂದೆ.

“ಹಿಂದೆ ವೈರಸ್ಸೇ ಇಲ್ಲದಿದ್ರೆ ಒಳಗೆ ಬಿಡೋಕೆ ಏನಿದೆ? ಆದ್ರೆ ಮೈ ಆ ಆಕಾರ ನೆನಪಿಟ್ಕೊಳ್ಳುತ್ತೆ. ನಿಜವಾದ್ದು ಬಂದಾಗ ಆ ಕೈಯನ್ನೇ ಹಿಡಿದು ನಿಲ್ಲಿಸುತ್ತೆ. ಆವತ್ತೇ ಹೇಳೋಕೆ ಬಂದೆನಲ್ಲ?”

ಅದನ್ನು ಕೇಳಲು ಆವತ್ತು ಐದು ನಿಮಿಷ ಸಾಕಾಗುತ್ತಿತ್ತು. ಸೂಜಿ ಹಾಕಿಸಿಕೊಂಡಿದ್ದರೆ ಅವಳು ಖಂಡಿತ ಉಳಿಯುತ್ತಿದ್ದಳೆಂದು ಹೇಳಲಾರೆ. ಆ ಅವಕಾಶವನ್ನು ಕಿತ್ತುಕೊಂಡವನು ನಾನು, ನನ್ನ ಪಾಲನ್ನು ಮಾತ್ರ ಭದ್ರವಾಗಿ ತೆಗೆದುಕೊಂಡವನೂ ನಾನೇ.

ಕಳೆದ ತಿಂಗಳು ಹೂವಿನವಳ ಮಗಳು ಹೂ ಅಳೆಯುತ್ತ ಕೇಳಿದಳು: “ಮೇಷ್ಟ್ರೇ, ಅಂಗನವಾಡೀಲಿ ಪಾಪುಗೆ ಸೂಜಿ ಹಾಕಿಸಿ ಅಂತಾರೆ. ಹಾಕಿಸ್ಲಾ?”

“ಇವತ್ತೇ ಹಾಕಿಸಮ್ಮ. ಮುಂದೆ ನನ್ನ ಕೇಳ್ಬೇಡ, ಡಾಕ್ಟರನ್ನ ಕೇಳು. ನಾನು ಮೇಷ್ಟ್ರಲ್ಲ, ಅಟೆಂಡರ್. ನಿಮ್ಮಮ್ಮನಿಗೆ ಬೇಡ ಅಂದವನು ನಾನೇ. ಹಾಗಂದು, ನಾನು ಮಾತ್ರ ಹೋಗಿ ಹಾಕಿಸ್ಕೊಂಡೆ.”

ಅವಳ ಕೈ ಮೊಳದ ಅರ್ಧದಲ್ಲಿ ನಿಂತಿತು.

“ಮೇಷ್ಟ್ರು ಬೇಡ ಅಂದ್ರು ಅಂತ ಅಮ್ಮ ಹೇಳಿದ್ಲು. ಓದಿದೋರು, ಅವ್ರೂ ಹಾಕಿಸ್ಕೊಂಡಿರಲ್ಲ ಅಂದ್ಕೊಂಡಿದ್ದೆ.”

ಅಳೆದಿದ್ದ ಹೂವನ್ನು ಸುತ್ತಿ ಬುಟ್ಟಿಗೇ ಹಾಕಿ, ಒದ್ದೆ ಬಟ್ಟೆ ಮುಚ್ಚಿದಳು.

“ಹೂವಿಲ್ಲ ಅಂಕಲ್” ಎಂದಳು.