ಕೆಳಗಿನ ಫೋನು

ಎದೆನೋವು ನನ್ನದು, ಅದರ ಗುಟ್ಟು ಕಾಯುವ ಕೆಲಸ ಮಾತ್ರ ಅಕ್ಕನದು. ತೊಂಬತ್ತರ ದಶಕದ ಕೊನೆಯ ಮಾತು. ಶಿಕಾರಿಪುರದಲ್ಲಿ ಅಕ್ಕ-ಭಾವನ ಬಟ್ಟೆ ಅಂಗಡಿ, ಅದರ ಮೇಲೆಯೇ ಮನೆ. ಡಿಗ್ರಿ ಮುಗಿಸಿ ಬಿ.ಎಡ್. ಸೇರುವ ಆಸೆಯಲ್ಲಿ ನಾನು ಅವರ ಮನೆಯಲ್ಲಿದ್ದೆ. ಸೊರಬದ ಕಡೆ, ಹೊಸಬಾಳೆಯಲ್ಲಿದ್ದ ಅಪ್ಪ ನನಗೆ ತೊಗರ್ಸಿಯ ಒಂದು ಸಂಬಂಧ ನೋಡಿದ್ದರು. ಆ ಮಾತು ಶುರುವಾದ ತಿಂಗಳೇ ನನಗೆ ಎದೆ ಹಿಡಿಯತೊಡಗಿತು.

ಇಸಿಜಿ ಆಯಿತು, ಎಕ್ಸ್‌ರೇ ಆಯಿತು. ಹೃದಯಕ್ಕೆ ಏನೂ ಆಗಿಲ್ಲ, ಇದು ಆತಂಕದ ನೋವು ಎಂದು ಶಿವಮೊಗ್ಗದ ಮನೋವೈದ್ಯರೊಬ್ಬರಲ್ಲಿಗೆ ಕಳಿಸಿದರು. ಅಕ್ಕನ ಜೊತೆ ಒಮ್ಮೆ ಹೋಗಿ ಬಂದೆ, ಅಷ್ಟೇ. ವಾರವಾರ ಆ ಬಸ್ಸು ಹತ್ತಿದರೆ ಊರಿಗೆ ಊರೇ ಕೇಳುತ್ತದೆ.

"ಎದೆನೋವು ಅಂದ್ರೇನೇ ಗಂಡಿನ ಕಡೆಯೋರು ಹಿಂದೆ ಸರೀತಾರೆ. ಇನ್ನು ಹುಚ್ಚಿನ ಡಾಕ್ಟ್ರು ಅಂದ್ರೆ ಮುಗೀತು," ಎಂದಳು ಅಕ್ಕ. ವೈದ್ಯರೇ ದಾರಿ ತೋರಿಸಿದರು: ಗುರುವಾರ ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿ, ಮಾತಾಡೋಣ.

ತೊಂದರೆ ಒಂದೇ. ನಮ್ಮಲ್ಲಿ ಒಂದೇ ಲೈನಿಗೆ ಎರಡು ಫೋನು, ಮನೆಯಲ್ಲೊಂದು, ಕೆಳಗೆ ಅಂಗಡಿಯಲ್ಲೊಂದು. ಯಾರು ಎತ್ತಿದರೂ ಎಲ್ಲ ಕೇಳಿಸುತ್ತದೆ.

"ಅಷ್ಟೊತ್ತಿಗೆ ನಿಮ್ಮ ಭಾವ ಉಂಡು ಮಲಗಿರ್ತಾರೆ. ಅಂಗಡೀಲಿ ನಾನೇ ಕೂತಿರ್ತೀನಿ. ಯಾರೂ ಮುಟ್ಟದಂಗೆ ನೋಡ್ಕೋತೀನಿ, ನೀನು ಬಾಯ್ಬಿಟ್ಟು ಮಾತಾಡು," ಎಂದಳು ಅಕ್ಕ. ಅವಳ ಕೈ ಹಿಡಿದು ಅತ್ತಿದ್ದೆ. ಎಂಥ ಪೆದ್ದಿ ನಾನು.

ಬಾಯ್ಬಿಟ್ಟೆ, ಐದಾರು ಗುರುವಾರ. ನೋವು ಬಂದಾಗ ಉಸಿರನ್ನು ನಿಧಾನ ಬಿಡುವುದನ್ನು ವೈದ್ಯರು ಕಲಿಸಿದರು. ನೋವಿಗೆ ಮುಂಚೆ ಏನಾಗಿತ್ತು ಎಂದು ಪ್ರತಿ ಸಲವೂ ಕೇಳಿದರು. ಯೋಚಿಸಿ ಯೋಚಿಸಿ ಕೊನೆಗೆ ಹೇಳಿದೆ: ಮದುವೆ ಮಾತು ತೆಗೆಯುವ ಮುಂಚೆ ಅಪ್ಪ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ, ಆ ಸದ್ದು ಕೇಳಿದರೆ ಸಾಕು, ನನಗೆ ಎದೆ ಹಿಡಿಯುತ್ತದೆ. ಹೇಳಿದ ಮೇಲೆ ನನಗೇ ನಗು ಬಂತು. ನೋವು ನಿಜವಾಗಿಯೂ ಇಳಿಯತೊಡಗಿತು. ಬಿ.ಎಡ್. ಮುಗಿಸಿದ ಮೇಲೆಯೇ ಮದುವೆ ಎಂದು ಅಪ್ಪನಿಗೆ ನಾನೇ ಹೇಳಬೇಕು ಎಂದಾಯಿತು. ಆ ಮಾತನ್ನು ಫೋನಿನಲ್ಲಿ ವೈದ್ಯರ ಮುಂದೆ ಮೂರು ಸಲ ಹೇಳಿ ರೂಢಿ ಮಾಡಿಕೊಂಡೆ.

ಅಪ್ಪ ಆ ಭಾನುವಾರವೇ ಬಂದರು. ಚಾ ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

"ನಾ ಗಂಟಲು ಸರಿಮಾಡ್ಕಂಡ್ರೆ ನಿಂಗೆ ಎದೆ ಹಿಡಿತದಂತೆ? ಬಿ.ಎಡ್. ಆದಮೇಲೇ ಮದುವೆಯಂತೆ?" ಎಂದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ. "ಬುಧವಾರ ತೊಗರ್ಸಿಯೋರು ಬರ್ತಾರೆ. ಎಲೆ-ಅಡಿಕೆ ಬದಲಾಯ್ಸೋದೇ."

ಅಕ್ಕ ತಲೆ ಎತ್ತದೆ ಲೋಟ ಒಯ್ದಳು. ಹಿಂದೆಯೇ ಅಡುಗೆಮನೆಗೆ ಹೋಗಿ, ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ.

"ನಿನ್ನ ಒಳ್ಳೇದಕ್ಕೇ ಕಣೇ," ಎಂದು ನಲ್ಲಿ ತಿರುಗಿಸಿದಳು.

ಅಪ್ಪನ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಅವರು ಯಾವತ್ತೂ ನನ್ನ ಗುಟ್ಟು ಕಾಯುತ್ತೇನೆ ಎಂದಿರಲಿಲ್ಲ. ಅಕ್ಕ ಮಾಡಿದ ಮೋಸ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬುಧವಾರ ಎಲೆ-ಅಡಿಕೆ ಬದಲಾಯಿತು. ಗುರುವಾರ ಮೂರಕ್ಕೆ ಫೋನ್ ಮಾಡಿದೆ.

"ಹೇಗಿದ್ದೀರಿ?" ಎಂದರು ವೈದ್ಯರು.

ಎದೆಯ ಮೇಲೆ ಕೈ ಒತ್ತಿ ಹಿಡಿದಿದ್ದೆ. "ನೋವು ಪೂರ್ತಿ ಹೋಗಿದೆ ಸರ್. ಇನ್ನು ಫೋನ್ ಮಾಡಲ್ಲ," ಎಂದೆ. ಆಮೇಲೆ ಅದೇ ಫೋನಿನಲ್ಲಿ, "ಅಕ್ಕಾ, ಇದನ್ನೂ ಅಪ್ಪಂಗೆ ಹೇಳು," ಎಂದೆ.

ಕೆಳಗೆ ರಿಸೀವರ್ ಇಟ್ಟ ಸದ್ದು ಕೇಳಿಸಿತು.